ಸೋವಿಯತ್ ಗಗನಯಾತ್ರಿಗಳ ಕೈಗಡಿಯಾರ: ಗುರುತ್ವದ ಗೊಂದಲ ಮತ್ತು 45 ನಿಮಿಷದ ಲೆಕ್ಕ

ಯಾರ ಕೈಯಲ್ಲಿ ಯಾವುದು

ಹೆಸರುಗಳು ಬೇಗ ಕಲಸಿಹೋಗುತ್ತವೆ. ನಾಲ್ಕು ಹಾರಾಟಗಳನ್ನು ಗುರುತಿಟ್ಟುಕೊಂಡರೆ ಉಳಿದದ್ದು ಅವುಗಳ ಸುತ್ತ ಕೂರುತ್ತದೆ.

1961ರ ಏಪ್ರಿಲ್ 12, ವೋಸ್ತೋಕ್ 1: ಯೂರಿ ಗಗಾರಿನ್, ಸ್ತುರ್ಮಾನ್‌ಸ್ಕಿಯೆ. ವಾಯುಪಡೆಯ ಪೈಲಟ್‌ಗಳಿಗೆ ಕೊಡುತ್ತಿದ್ದ, ಕೀ ಕೊಡುವ, ಮೂರು ಮುಳ್ಳಿನ ಸಾದಾ ವಾಚು. ಇದರಲ್ಲಿ ಸ್ಟಾಪ್‌ವಾಚ್ ಇಲ್ಲ. ಕ್ರೌನ್ (ಕೀ ಕೊಡುವ ತಿರುಪು) ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಅಷ್ಟೇ.

1965ರ ಮಾರ್ಚ್ 18, ವಸ್ಖೋದ್ 2: ಮೊದಲ ಬಾಹ್ಯಾಕಾಶ ನಡಿಗೆಯ ಅಲೆಕ್ಸಿ ಲಿಯೊನೊವ್, ಸ್ತ್ರೆಲಾ. ಇದು ಕ್ರೋನೋಗ್ರಾಫ್, ಅಂದರೆ ಗಡಿಯಾರದೊಳಗೇ ಸ್ಟಾಪ್‌ವಾಚ್ ಇರುವಂಥದ್ದು. ಒಳಗಿನ ಯಂತ್ರದ ಸಂಖ್ಯೆ 3017.

1975ರ ಜುಲೈ, ಅಮೆರಿಕ–ಸೋವಿಯತ್ ಜಂಟಿ ಹಾರಾಟ ಅಪೋಲೊ–ಸೊಯುಜ್: ಲಿಯೊನೊವ್ ಮತ್ತು ಅವರ ಜೊತೆಗಾರ ಕುಬಾಸೊವ್, ಸ್ವಿಟ್ಜರ್ಲೆಂಡಿನ ಒಮೆಗಾ.

1994ರ ಜನವರಿಯಿಂದ 1995ರ ಮಾರ್ಚ್‌ವರೆಗೆ, ಮೀರ್ ನಿಲ್ದಾಣ: ಒಂದೇ ಹಾರಾಟದಲ್ಲಿ 437 ದಿನ ಕಳೆದ ವಲೇರಿ ಪಲ್ಯಾಕೊವ್, 3133 ಯಂತ್ರದ ಪಲ್ಯೋತ್ ಕ್ರೋನೋಗ್ರಾಫ್.

ಒಮೆಗಾ ಬಿಟ್ಟರೆ ಉಳಿದ ಮೂರೂ ಮಾಸ್ಕೋದ ಮೊದಲನೇ ಗಡಿಯಾರ ಕಾರ್ಖಾನೆಯವು.

ತೂಕವಿಲ್ಲದ ಕಡೆ ವಾಚು ಹೇಗೆ ಓಡುತ್ತದೆ

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. "ಮೇಲೆ ಗುರುತ್ವ ಇಲ್ಲ, ಹಾಗಾಗಿ ಆಟೊಮ್ಯಾಟಿಕ್ ವಾಚು ನಡೆಯುವುದಿಲ್ಲ, ಅದಕ್ಕೇ ಕೀ ಕೊಡುವ ವಾಚು ಒಯ್ದರು" ಎನ್ನುವ ವಾಕ್ಯ ಎಲ್ಲೆಡೆ ಸಿಗುತ್ತದೆ. ಅದರ ಮೂರು ಭಾಗಗಳೂ ತಪ್ಪು.

ಮೊದಲನೆಯದು: 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿನದರ ಸುಮಾರು 89% ಇದೆ. ನೌಕೆ, ಮನುಷ್ಯ, ವಾಚು ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ತೂಕ ಕಾಣುವುದಿಲ್ಲ.

ಇನ್ನು ವಾಚಿನ ಬಡಿತ. ಗೋಡೆ ಗಡಿಯಾರದ ಲೋಲಕದ ಅವಧಿ 2π√(L/g). L ಎಂದರೆ ಲೋಲಕದ ಉದ್ದ, g ಎಂದರೆ ಲೋಲಕಕ್ಕೆ ತೂಕವಾಗಿ ಕಾಣುವ ಎಳೆತ. ಎಲ್ಲವೂ ಒಟ್ಟಿಗೆ ಬೀಳುವ ಕಕ್ಷೆಯಲ್ಲಿ ಅದು ಸೊನ್ನೆ, ಆದ್ದರಿಂದ ಲೋಲಕ ಅಲ್ಲಿ ನಿಂತೇಹೋಗುತ್ತದೆ. ಕೈಗಡಿಯಾರದಲ್ಲಿ ಲೋಲಕ ಇಲ್ಲ. ಅಲ್ಲಿರುವುದು ಬ್ಯಾಲೆನ್ಸ್ ಚಕ್ರ ಮತ್ತು ಅದನ್ನು ಹಿಂದಕ್ಕೆಳೆಯುವ ಹೇರ್‌ಸ್ಪ್ರಿಂಗ್. ಅದರ ಅವಧಿ 2π√(I/k). I ಎಂದರೆ ಚಕ್ರದ ಜಡತ್ವ ಭ್ರಮಣಾಂಕ, k ಎಂದರೆ ಸ್ಪ್ರಿಂಗಿನ ಬಿಗುವು. ಎರಡರಲ್ಲೂ g ಇಲ್ಲ. ಚಕ್ರಗಳನ್ನು ತಳ್ಳುವ ಮೇನ್‌ಸ್ಪ್ರಿಂಗ್ ಕೂಡ ತನ್ನ ಸುರುಳಿಯ ಬಲದಿಂದ ತಳ್ಳುತ್ತದೆ, ತೂಕದಿಂದಲ್ಲ. ಈ ಎರಡು ಸೂತ್ರಗಳನ್ನು ಪಕ್ಕಪಕ್ಕ ಬರೆದುಕೊಂಡರೆ ಗೊಂದಲ ಮತ್ತೆ ಬರುವುದಿಲ್ಲ.

ಮೇಲೆ ಒಂದು ಲಾಭವೂ ಇದೆ. ಬ್ಯಾಲೆನ್ಸ್ ಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರವಿದ್ದರೂ ನೆಲದ ಮೇಲೆ ವಾಚನ್ನು ನಿಲ್ಲಿಸಿದಾಗ ಒಂದು ನಡೆ, ಮಲಗಿಸಿದಾಗ ಇನ್ನೊಂದು ನಡೆ ಬರುತ್ತದೆ. ದಿನಕ್ಕೆ ಕೆಲವು ಸೆಕೆಂಡುಗಳ ಈ ವ್ಯತ್ಯಾಸ ತೂಕರಹಿತ ಸ್ಥಿತಿಯಲ್ಲಿ ಮಾಯ. ಆದರೆ ಉಷ್ಣತೆ, ಅಯಸ್ಕಾಂತ, ಒಣಗಿದ ಎಣ್ಣೆ ಇವುಗಳಿಂದ ಬರುವ ತಪ್ಪುಗಳು ಹಾಗೇ ಉಳಿಯುತ್ತವೆ.

ಕೊನೆಯದು ಆಟೊಮ್ಯಾಟಿಕ್ ರೋಟರ್. ಅದು ಅರೆಚಂದ್ರಾಕಾರದ ತೂಕದ ತುಂಡು, ತನ್ನ ಅಚ್ಚಿನ ಒಂದೇ ಬದಿಗೆ ಭಾರ. ಕೈ ಆಡಿದಾಗ ವಾಚಿನ ಕೇಸು ಸರಿಯುತ್ತದೆ, ಜಡತ್ವದಿಂದ ರೋಟರ್ ಹಿಂದೆ ಉಳಿಯುತ್ತದೆ, ಹಾಗಾಗಿ ತಿರುಗುತ್ತದೆ. ಕೆಳಕ್ಕೆ ಎಳೆಯುವ ಬಲ ಇದ್ದರೆ ಸಹಾಯ, ಇರಲೇಬೇಕೆಂದಿಲ್ಲ. 1973–74ರಲ್ಲಿ ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ ಸ್ಕೈಲ್ಯಾಬ್ ನಿಲ್ದಾಣಕ್ಕೆ ಒಯ್ದ ಸೈಕೋ 6139 ಆಟೊಮ್ಯಾಟಿಕ್ ಕ್ರೋನೋಗ್ರಾಫೇ. ಹಾಗಾದರೆ ಸ್ತ್ರೆಲಾ ಯಾಕೆ ಕೀ ಕೊಡುವಂಥದ್ದು? ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಮಾರುಕಟ್ಟೆಗೆ ಬಂದದ್ದೇ 1969ರಲ್ಲಿ. ಲಿಯೊನೊವ್ ಹಾರಿದ ಕಾಲಕ್ಕೆ ಅಂಥದ್ದೊಂದು ಇರಲೇ ಇಲ್ಲ.

ಸೆಕೆಂಡ್ ಯಾಕೆ ಮುಖ್ಯ

ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವಸ್ಖೋದ್ 2 ಮರಳುವಾಗ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟು ಸಿಬ್ಬಂದಿಯೇ ಎಂಜಿನ್ ಉರಿಸಬೇಕಾಯಿತು. 46 ಸೆಕೆಂಡ್ ತಡವಾಯಿತು. 46 × 7.8 ಎಂದರೆ ಸುಮಾರು 359 ಕಿ.ಮೀ. ನೌಕೆ ಇಳಿದದ್ದು ಗೊತ್ತುಮಾಡಿದ ಜಾಗಕ್ಕಿಂತ 386 ಕಿ.ಮೀ. ದೂರದ ಕಾಡಿನಲ್ಲಿ. ಅಂತರದ ಬಹುಪಾಲು ಈ ಒಂದು ಗುಣಾಕಾರದಲ್ಲೇ ಸಿಗುತ್ತದೆ. ನೌಕೆಯ ವಿದ್ಯುತ್ತನ್ನು ನೆಚ್ಚದ ಸ್ಟಾಪ್‌ವಾಚೊಂದು ಮಣಿಕಟ್ಟಿನ ಮೇಲಿರಬೇಕು ಎನ್ನುವುದರ ತರ್ಕ ಇದೇ.

3017 ಮತ್ತು 3133

3017 ಸ್ವಿಸ್ ವೀನಸ್ 150 ಯಂತ್ರಗಳ ಕುಟುಂಬದ ರಚನೆಯನ್ನು ಆಧರಿಸಿದ್ದು. 19 ಜೂಯೆಲ್ (ಸವೆತ ತಡೆಯುವ ಪುಟ್ಟ ಕಲ್ಲು), ಗಂಟೆಗೆ 18,000 ಬಡಿತ, ಗುಂಡಿಗಳ ಆಜ್ಞೆ ಹಂಚಲು ಕಾಲಮ್ ವ್ಹೀಲ್ ಎಂಬ ಚಕ್ರ, 45 ನಿಮಿಷದ ಕೌಂಟರ್ (ಸ್ಟಾಪ್‌ವಾಚಿನ ನಿಮಿಷ ಎಣಿಸುವ ಸಣ್ಣ ಡಯಲ್). 3133 ಸ್ವಿಸ್ ವಾಲ್ಜೂ 7734 ಯಂತ್ರದಿಂದ ಬಂದದ್ದು. 23 ಜೂಯೆಲ್, 21,600 ಬಡಿತ, ಕಾಲಮ್ ವ್ಹೀಲ್ ಬದಲು ಕ್ಯಾಮ್ (ಏರುತಗ್ಗಿನ ತಟ್ಟೆ), 30 ನಿಮಿಷದ ಕೌಂಟರ್, 6ರ ಬಳಿ ತಾರೀಕು. ವಾಯುಪಡೆಗೆಂದು ಮಾಡಿದ ಇದರ ರೂಪ 31659ರಲ್ಲಿ ಮಾತ್ರ ಕ್ರೌನ್ ಎಳೆದರೆ ಸೆಕೆಂಡ್ ನಿಲ್ಲುತ್ತದೆ.

ಬಡಿತವನ್ನು 3,600ರಿಂದ ಭಾಗಿಸಿ. 3017ಕ್ಕೆ ಸೆಕೆಂಡಿಗೆ 5 ಹೆಜ್ಜೆ, 3133ಕ್ಕೆ 6. ಆದ್ದರಿಂದ 3133ರ ಡಯಲಿನಲ್ಲಿ ಸೆಕೆಂಡನ್ನು ಐದು ಭಾಗ ಮಾಡಿ ಗೆರೆ ಎಳೆದಿದ್ದರೆ ಮುಳ್ಳು ಆ ಸಣ್ಣ ಗೆರೆಗಳ ಮೇಲೆ ಸರಿಯಾಗಿ ನಿಲ್ಲದು. ಅದು ದೋಷವಲ್ಲ.

ಕೌಂಟರ್ ಓದುವ ಲೆಕ್ಕ

ಈ ಎರಡರಲ್ಲೂ ಗಂಟೆ ಎಣಿಸುವ ಸಣ್ಣ ಡಯಲ್ ಇಲ್ಲ. ಸ್ತ್ರೆಲಾ ಕೌಂಟರ್ 30 ತೋರಿಸಿದರೆ ಕಳೆದದ್ದು 30, 75 ಅಥವಾ 120 ನಿಮಿಷ ಇರಬಹುದು. ಬಿಡಿಸುವ ದಾರಿ: ಗುಂಡಿ ಒತ್ತುವ ಮೊದಲು ಗಂಟೆ ಬರೆದುಕೊಳ್ಳಿ. 10:20ಕ್ಕೆ ಶುರು, ಈಗ 11:35, ವ್ಯತ್ಯಾಸ 75. ಅದರಲ್ಲಿ 45 ಕಳೆದರೆ 30. ಕೌಂಟರಿಗೆ ಹೊಂದಿತು. ಅದೇ ಹೊತ್ತಿಗೆ 3133 ಆದರೆ 75ರಿಂದ 60 ಕಳೆದು 15 ತೋರಿಸಬೇಕು. ಮುಖ್ಯ ಮುಳ್ಳುಗಳು ಎಷ್ಟು ಸುತ್ತು ಎಂದು ಹೇಳುತ್ತವೆ, ಕೌಂಟರ್ ನಿಖರವಾದ ನಿಮಿಷ ಹೇಳುತ್ತದೆ.

ನೆನಪಿಗೆ ಬಲು ಅನುಕೂಲವಾದದ್ದು: ಕೆಳಕಕ್ಷೆಯ ಒಂದು ಸುತ್ತಿಗೆ ಸುಮಾರು 90 ನಿಮಿಷ. ಅದು ಸ್ತ್ರೆಲಾದ ಸರಿಯಾಗಿ ಎರಡು ಸುತ್ತು, 3133ರ ಮೂರು. 88 ನಿಮಿಷದ ಕಕ್ಷೆಯಾದರೆ ಕ್ರಮವಾಗಿ 43 ಮತ್ತು 28.

ಸ್ಟಾಪ್‌ವಾಚಿನ ಸೆಕೆಂಡ್ ಮುಳ್ಳು 60ನ್ನು ಸಮೀಪಿಸುವಾಗ ಕೌಂಟರಿನ ನಿಮಿಷದ ಮುಳ್ಳು ಮುಂದಿನ ಗೆರೆಗೆ ಹೊರಟಿರಬಹುದು. ಆಗ ಹಿಂದಿನ ನಿಮಿಷವನ್ನೇ ಎಣಿಸಿ. ಇಂದಿನ ಸೊಯುಜ್ ಮರಳುವಾಗ ಎಂಜಿನ್ ಸುಮಾರು 4 ನಿಮಿಷ 40 ಸೆಕೆಂಡ್ ಉರಿಯುತ್ತದೆ. ಅಂಥ ಕಡೆ ಒಂದು ನಿಮಿಷ ಹೆಚ್ಚು ಓದಿದರೆ ಲೆಕ್ಕವೇ ಕೆಡುತ್ತದೆ.

ಬಳಸುವ ಕ್ರಮ

ಎಚ್‌ಎಂಟಿ ಜನತಾಗೆ ಕೀ ಕೊಟ್ಟು ರೂಢಿ ಇದ್ದವರಿಗೆ ಹೊಸದೇನಿಲ್ಲ: ಕ್ರೌನ್ ಬಿಗಿಯಾಗುವವರೆಗೆ, ದಿನಕ್ಕೊಮ್ಮೆ, ಒಂದೇ ಹೊತ್ತಿಗೆ. ಕಕ್ಷೆಯಲ್ಲಿ ದಿನಕ್ಕೆ ಸುಮಾರು 16 ಸೂರ್ಯೋದಯ, ಆದ್ದರಿಂದ ಬೆಳಕು ನೋಡಿ ಕೀ ಕೊಡುವಂತಿಲ್ಲ, ದಿನಚರಿಯ ಪಟ್ಟಿ ನೋಡಿಯೇ ಕೊಡಬೇಕು. 3133 ಪೂರ್ತಿ ಕೀ ಕೊಟ್ಟರೆ ಸುಮಾರು 42 ಗಂಟೆ ಓಡುತ್ತದೆ. ಸ್ಟಾಪ್‌ವಾಚ್ ಓಡುತ್ತಲೇ ಇದ್ದರೆ ಕಡಿಮೆ.

ಮೇಲಿನ ಗುಂಡಿ ಶುರು ಮತ್ತು ನಿಲುಗಡೆ, ಕೆಳಗಿನದು ಸೊನ್ನೆಗೆ. ಓಡುತ್ತಿರುವಾಗ ಕೆಳಗಿನದನ್ನು ಒತ್ತಬೇಡಿ. ನಿಲ್ಲಿಸಿ, ಆಮೇಲೆ ಒತ್ತಿ. ಓಡುವ ಚಕ್ರದ ಮೇಲೆ ಸುತ್ತಿಗೆಯಂಥ ಸನ್ನೆ (ಲಿವರ್) ಬಿದ್ದರೆ ಹಲ್ಲುಗಳಿಗೆ ಪೆಟ್ಟು.

ಸಾದಾ 3133ರಲ್ಲಿ ಸೆಕೆಂಡ್ ನಿಲ್ಲಿಸಲಾಗದು. ರೇಡಿಯೊ ಸಂಕೇತಕ್ಕೆ ಸೆಕೆಂಡ್ ಹೊಂದಿಸಬೇಕಾದರೆ ಕ್ರೌನ್ ಜೊತೆ ಗುದ್ದಾಡಬೇಡಿ. ಸರಿಯಾಗಿ ನಿಮಿಷದ ಆರಂಭಕ್ಕೆ ಮೇಲಿನ ಗುಂಡಿ ಒತ್ತಿ. ಮಧ್ಯದ ಉದ್ದ ಮುಳ್ಳೇ ಇನ್ನು ನಿಖರ ಸೆಕೆಂಡ್.

ಅಭ್ಯಾಸಕ್ಕೆ ಒಂದು ಪ್ರಶ್ನೆ

ಸ್ತ್ರೆಲಾ 7:05ಕ್ಕೆ ಶುರು, ಈಗ 8:50, ಕೌಂಟರ್ 12. ಸರಿಯೇ?

ವ್ಯತ್ಯಾಸ 105, ಅದರಲ್ಲಿ 90 ಕಳೆದರೆ 15 ಬರಬೇಕು. ಮೂರು ನಿಮಿಷ ಕಡಿಮೆ. "ವಾಚು ನಿಧಾನ" ಎಂದು ಬರೆದರೆ ಅಂಕ ಸಿಗದು, ಏಕೆಂದರೆ ಮುಖ್ಯ ಮುಳ್ಳು, ಕೌಂಟರ್ ಎರಡನ್ನೂ ನಡೆಸುವುದು ಒಂದೇ ಬ್ಯಾಲೆನ್ಸ್ ಚಕ್ರ. ಅದು ನಿಧಾನವಾದರೆ ಎರಡೂ ಒಟ್ಟಿಗೆ ಹಿಂದೆ ಬೀಳುತ್ತವೆ. ಹಾಗಾಗಿ ಮುಖ್ಯವಾಗಿ ಮೂರು ಸಾಧ್ಯತೆ: ನಡುವೆ ಯಾರೋ ನಿಲ್ಲಿಸಿ ಮತ್ತೆ ಓಡಿಸಿದ್ದಾರೆ, ಶುರುವಿನ ಗಂಟೆ ಬರೆಯುವಾಗ ತಪ್ಪಿದೆ, ಇಲ್ಲವೇ ಕ್ರೋನೋಗ್ರಾಫ್ ಚಕ್ರಗಳ ಹಲ್ಲು ಸರಿಯಾಗಿ ಕೂಡದೆ ಜಾರುತ್ತಿವೆ. ಕೌಂಟರ್ 12ರ ಬದಲು 18 ತೋರಿಸಿದ್ದರೆ, ಬರೋಬ್ಬರಿ 42 ನಿಮಿಷ ಹಿಂದುಳಿದಿರುವ ಸಾಧ್ಯತೆ ಇಲ್ಲದಿದ್ದರೆ (105 − 42 = 63, ಅದರಲ್ಲಿ 45 ಕಳೆದರೆ 18), ಮೊದಲನೆಯದನ್ನೂ ಕೊನೆಯದನ್ನೂ ಹೊಡೆದುಹಾಕಿ. ನಿಂತರೂ ಜಾರಿದರೂ ಕೌಂಟರ್ ಹಿಂದುಳಿಯುತ್ತದೆಯೇ ಹೊರತು ಮುಂದೆ ಓಡದು. ಆಗ ಬರೆದ ಗಂಟೆಯನ್ನು ಪರೀಕ್ಷಿಸಿ, ಅದು ಸರಿಯಿದ್ದರೆ ಮುಖ್ಯ ಮುಳ್ಳುಗಳು ಸಡಿಲಾಗಿ ಜಾರುತ್ತಿವೆಯೇ ಎಂದು ನೋಡಬೇಕು.