ಬೆಳದಿಂಗಳು ತಂಪಲ್ಲ

ಬನದ ಹುಣ್ಣಿಮೆ. ರಾತ್ರಿ ಎರಡು ಗಂಟೆ. ಜೈಸಲ್ಮೇರ್ ಹತ್ತಿರದ ಖುರಿ ಎಂಬ ಊರಿನಾಚೆ, ಮರಳುದಿಬ್ಬದ ಮೇಲೆ ನಾವು ಐದು ಜನ ಮಲಗಿದ್ದೆವು. ಮಲಗಿದ್ದೆವು ಅಂತ ಹೆಸರಿಗೆ, ಎಲ್ಲರ ಹಲ್ಲೂ ಕಟಕಟ ಅನ್ನುತ್ತಿತ್ತು. ಮಧ್ಯಾಹ್ನ ಒಂಟೆ ಮೇಲೆ ಕೂತು ಬರುವಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಈಗ ಅದೇ ಮರಳಿನ ಮೇಲೆ ಬರಿಗಾಲಿಟ್ಟರೆ ಬಾವಿಕಟ್ಟೆಯ ಕಲ್ಲು ಮುಟ್ಟಿದ ಹಾಗೆ. ಒಂಟೆಯವನು ಕೊಟ್ಟಿದ್ದು ಹಳೇ ಬಟ್ಟೆ ಹೊಲಿದು ಮಾಡಿದ ದಪ್ಪ ಹೊದಿಕೆ. ಅಲ್ಲಿ ಅದಕ್ಕೆ ರಾಲಿ ಅನ್ನುತ್ತಾರೆ. ನೋಡಿದರೆ ನಮ್ಮ ಕೌದಿಯೇ.

ನಮ್ಮ ಜೊತೆ ಹುಬ್ಬಳ್ಳಿಯಿಂದ ಬಂದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ರಾಯರು ಅಂತಲೇ ಕರೆಯುತ್ತಿದ್ದೆವು. ಅವರು ಎದ್ದು ಹತ್ತಿರದಲ್ಲಿದ್ದ ಮರದ ಕೆಳಗೆ ಹೋಗಿ ನಿಂತರು. ಮತ್ತೆ ಬಯಲಿಗೆ ಬಂದರು. ಮತ್ತೆ ಮರದ ಕೆಳಗೆ ಹೋದರು. ಆಮೇಲೆ ನನ್ನನ್ನು ಕರೆದರು. "ಬರ್ರಿ ಇಲ್ಲೆ. ಮರದ ನೆರಳಾಗ ಅಷ್ಟೊಂದು ಥಂಡಿ ಇಲ್ಲ ನೋಡ್ರಿ. ಬೆಳದಿಂಗಳಾಗ ಮಲಗಿದ್ವಿ, ಅದಕ್ಕ ಹಿಂಗ ನಡುಗಾಕತ್ತೇವಿ. ಚಂದ್ರನ ಬೆಳಕ ತಂಪು. ಹಿರ್ಯಾರು ಸುಮ್ನ ಹೇಳಿಲ್ಲ."

ಹೋಗಿ ನಿಂತು ನೋಡಿದೆ. ಅವರು ಹೇಳಿದ್ದು ನಿಜ. ಮರದ ಕೆಳಗೆ ಚಳಿ ಕಡಿಮೆ ಇತ್ತು. ಬೆಳದಿಂಗಳಲ್ಲಿ ಜಾಸ್ತಿ ಇತ್ತು. ರಾಯರು ಎರಡು ಕಡೆ ನಿಂತು ಹೋಲಿಸಿ ನೋಡಿದ್ದರು. ವಿಜ್ಞಾನ ಕೇಳುವುದೂ ಅದನ್ನೇ. ಅವರ ಚರ್ಮ ಸರಿಯಾಗಿಯೇ ಅಳೆದಿತ್ತು. ತಪ್ಪಿದ್ದು ಕಾರಣದಲ್ಲಿ. ಈ ತಪ್ಪು ಎಷ್ಟು ಹಳೆಯದು, ಎಷ್ಟು ಚೆಂದದ್ದು ಅಂದರೆ ನಮ್ಮ ಭಾಷೆಯೊಳಗೇ ಕೂತುಬಿಟ್ಟಿದೆ. ಚಂದ್ರನಿಗೆ ಹಿಮಕರ ಅನ್ನುತ್ತೇವೆ, ಶೀತಾಂಶು ಅನ್ನುತ್ತೇವೆ. ಎರಡರ ಅರ್ಥವೂ ತಂಪು ಕಿರಣದವನು ಅಂತ.

ಆದರೆ ತಂಪು ಅನ್ನುವುದು ಕಿರಣದಲ್ಲಿ ಬರುವ ವಸ್ತುವಲ್ಲ. ಬೆಳಕು ಎಲ್ಲಿಂದಲೇ ಬರಲಿ, ಬಿದ್ದ ಕಡೆ ಒಂದಿಷ್ಟು ಶಕ್ತಿ ಕೊಡುತ್ತದೆಯೇ ಹೊರತು ಕಿತ್ತುಕೊಂಡು ಹೋಗುವುದಿಲ್ಲ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಹಾಗಾಗಿ ಅದರ ಬಿಸಿ ನಮಗೆ ಗೊತ್ತಾಗುವುದಿಲ್ಲ ಅಷ್ಟೇ. 1846ರಲ್ಲಿ ಇಟಲಿಯ ಮಾಸೆಡೋನಿಯೋ ಮೆಲ್ಲೋನಿ ದೊಡ್ಡ ಮಸೂರವೊಂದರಿಂದ ಬೆಳದಿಂಗಳನ್ನು ಒಂದು ಬಿಂದುವಿಗೆ ತಂದು, ಅತಿ ಸೂಕ್ಷ್ಮ ಉಷ್ಣಮಾಪಕದ ಮೇಲೆ ಬಿಟ್ಟರು. ಮುಳ್ಳು ಬಿಸಿಯ ಕಡೆಗೇ ಸರಿಯಿತು, ತೀರಾ ಸ್ವಲ್ಪ. ಬಿಸಿಲು ನೇರವಾಗಿ ಬೀಳುವ ಕಡೆ ಚಂದ್ರನ ನೆಲ ಸುಮಾರು 120 ಡಿಗ್ರಿಗೆ ಕಾಯುತ್ತದೆ. ಹುಣ್ಣಿಮೆ ದಿನ ನಾವು ನೋಡುವುದು ಆ ಕಾದ ಮುಖವನ್ನೇ.

ಇದನ್ನು ನಾನು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ಚಂದ್ರ ತಂಪು ಕಿರಣ ಕಳಿಸುತ್ತಾನೆ ಎಂದು ಒಪ್ಪಿದ ಮನಸ್ಸು, ಗ್ರಹಣದ ದಿನ ವಿಷದ ಕಿರಣ ಕಳಿಸುತ್ತಾನೆ ಎಂದರೂ ಒಪ್ಪಿಬಿಡುತ್ತದೆ. ಆಮೇಲೆ ನೀರಿನ ಕೊಡಕ್ಕೆ ದರ್ಭೆ, ಮಾಡಿಟ್ಟ ಅಡುಗೆ ಚರಂಡಿಗೆ, ಬಸುರಿ ಹೆಂಗಸು ಬಾಗಿಲು ಮುಚ್ಚಿದ ಕೋಣೆಯೊಳಗೆ. ಕವಿತೆಯಲ್ಲಿ ಚಂದ್ರ ತಂಪಾಗಿರಲಿ, ನನಗೂ ಅದು ಇಷ್ಟ. ಹಸಿದ ಬಸುರಿಯನ್ನು ನೆನೆದರೆ ಮಾತ್ರ ಸಂಕಟವಾಗುತ್ತದೆ.

ಸರಿ, ಹಾಗಾದರೆ ಮರದ ಕೆಳಗೆ ಯಾಕೆ ಬೆಚ್ಚಗಿತ್ತು?

ಒಲೆಯಿಂದ ಇಳಿಸಿದ ಹಂಡೆಯ ಹತ್ತಿರ ಕೈ ಹಿಡಿಯಿರಿ. ಮುಟ್ಟದಿದ್ದರೂ ಬಿಸಿ ತಾಗುತ್ತದೆ. ಹಂಡೆ ಕಣ್ಣಿಗೆ ಕಾಣದ ಬೆಳಕನ್ನು, ಅಂದರೆ ಅವಕೆಂಪು ಕಿರಣಗಳನ್ನು, ಸುತ್ತಲೂ ಚೆಲ್ಲುತ್ತಿರುತ್ತದೆ. ಹಂಡೆ ಮಾತ್ರ ಅಲ್ಲ, ನೀವು, ನಾನು, ಗೋಡೆ, ಮರಳು, ಒಂಟೆ ಎಲ್ಲವೂ ಚೆಲ್ಲುತ್ತಲೇ ಇರುತ್ತೇವೆ. 27 ಡಿಗ್ರಿಯ ನೆಲ ಒಂದು ಚದರ ಮೀಟರಿಗೆ ಸುಮಾರು 460 ವ್ಯಾಟ್ ಚೆಲ್ಲುತ್ತದೆ. ಮನೆಯೊಳಗೆ ಇದು ಗಮನಕ್ಕೆ ಬರುವುದಿಲ್ಲ. ಗೋಡೆ, ಚಾವಣಿಗಳೂ ನಮ್ಮ ಕಡೆಗೆ ಹೆಚ್ಚುಕಡಿಮೆ ಅಷ್ಟನ್ನೇ ಎಸೆಯುತ್ತಿರುತ್ತವೆ. ಮದುವೆಮನೆಯಲ್ಲಿ ಮುಯ್ಯಿ ಕೊಟ್ಟು ಮುಯ್ಯಿ ತಗೊಂಡ ಹಾಗೆ, ಲೆಕ್ಕ ಸರಿಹೋಗುತ್ತದೆ.

ಬಯಲಲ್ಲಿ ಮಲಗಿದಾಗ ಮುಯ್ಯಿ ವಾಪಸ್ ಕೊಡಬೇಕಾದ್ದು ಆಕಾಶ. ಗಾಳಿಯಲ್ಲಿ ಜಾಸ್ತಿ ಇರುವುದು ಸಾರಜನಕ ಮತ್ತು ಆಮ್ಲಜನಕ. ಈ ಕಿರಣಗಳ ಮಟ್ಟಿಗೆ ಅವೆರಡೂ ಇದ್ದೂ ಇಲ್ಲದ ಹಾಗೆ. ಕಿರಣ ಅವುಗಳ ನಡುವೆ ಸಲೀಸಾಗಿ ಹೊರಗೆ ಹೋಗಿಬಿಡುತ್ತದೆ. ಹಿಡಿದು ನಿಲ್ಲಿಸುವ ಮುಖ್ಯ ಆಸಾಮಿ ನೀರಿನ ಆವಿ. ಇಂಗಾಲದ ಡೈಆಕ್ಸೈಡ್ ಕೂಡ ಸ್ವಲ್ಪ ಕೈಜೋಡಿಸುತ್ತದೆ. ಅಮೆರಿಕದ ಯುನಿಸ್ ಫೂಟ್ ಎಂಬ ಹೆಣ್ಣುಮಗಳು 1856ರಲ್ಲಿ, ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಈ ಎರಡು ಅನಿಲಗಳು ಜಾಸ್ತಿ ಕಾಯುತ್ತವೆ ಎಂದು ತೋರಿಸಿದರು. 1859ರಿಂದ ಮುಂದೆ ಲಂಡನ್ನಿನಲ್ಲಿ ಜಾನ್ ಟಿಂಡಲ್ ಅದನ್ನು ಅವಕೆಂಪು ಕಿರಣಗಳಿಗೇ ನೇರವಾಗಿ ಅಳೆದು ತೋರಿಸಿದರು.

ನೀರಿನ ಆವಿಯನ್ನು ಕಂಬಳಿ ಅಂದುಕೊಳ್ಳಿ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇರುವುದನ್ನು ಬಿಡುವುದಿಲ್ಲ. ಅಥವಾ ಅನ್ನದ ತಪ್ಪಲೆಯ ಮುಚ್ಚಳ ಅಂದುಕೊಳ್ಳಿ. ಅಥವಾ ಹಳೇ ಮನೆಯ ಮಾಳಿಗೆಯಲ್ಲಿರುವ ಬೆಳಕಿಂಡಿಯನ್ನು ನೆನೆಸಿಕೊಳ್ಳಿ. ಗಾಳಿ ತೇವವಾಗಿದ್ದಾಗ ಆ ಕಿಂಡಿಗೆ ಹಲಗೆ ಮುಚ್ಚಿದ ಹಾಗೆ, ಒಣಗಿದ್ದಾಗ ಹಲಗೆ ಪೂರ್ತಿ ಸರಿಸಿದ ಹಾಗೆ. ನಾವು ಮಲಗಿದ್ದ ಥಾರ್ ಮರುಭೂಮಿಯಲ್ಲಿ ಆ ರಾತ್ರಿ ಹಲಗೆ ಪೂರ್ತಿ ಸರಿದಿತ್ತು. ಮೋಡವಿಲ್ಲ, ಆವಿ ಅತಿ ಕಡಿಮೆ. ನೆಲ ಕೊಟ್ಟಿದ್ದಕ್ಕೂ ಆಕಾಶ ವಾಪಸ್ ಕೊಟ್ಟಿದ್ದಕ್ಕೂ ಇಂಥ ರಾತ್ರಿಗಳಲ್ಲಿ ಚದರ ಮೀಟರಿಗೆ 100 ವ್ಯಾಟ್ ಆಸುಪಾಸಿನ ವ್ಯತ್ಯಾಸ ಬೀಳುತ್ತದೆ. ಹಳೇ ಕಾಲದ ನೂರರ ಬಲ್ಬು ಗೊತ್ತಲ್ಲ? ಪ್ರತಿ ಚದರ ಮೀಟರಿಂದ ಅಂಥದ್ದೊಂದು ಬಲ್ಬಿನಷ್ಟು ಶಾಖ ರಾತ್ರಿಯಿಡೀ ಮೇಲಕ್ಕೆ ಸೋರುತ್ತಿರುತ್ತದೆ.

ನಮ್ಮಲ್ಲೇ ನೋಡಿ. ಮಂಗಳೂರಿನಲ್ಲಿ ಸಂಜೆ ಕಳೆದರೂ ಸೆಕೆ ಬಿಡುವುದಿಲ್ಲ. ಬೀದರ್, ವಿಜಯಪುರದ ಕಡೆ ಚಳಿಗಾಲದ ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ಬೆಳಗಿನ ಜಾವ ಮೈ ಕೊರೆಯುತ್ತದೆ. ರಾಜಸ್ಥಾನದ ಚೂರು ಎಂಬ ಊರಂತೂ ಬೇಸಿಗೆಯಲ್ಲಿ 50 ಡಿಗ್ರಿ ದಾಟಿದ್ದೂ ಇದೆ, ಚಳಿಗಾಲದಲ್ಲಿ ಸೊನ್ನೆಯ ಕೆಳಗಿಳಿದಿದ್ದೂ ಇದೆ.

ಈಗ ಮರಕ್ಕೆ ಬರೋಣ. ಅದು ಖೇಜಡಿ ಮರ. ರಾಯರಿಗೆ ಹೇಳಿದಾಗ ಕೈಮುಗಿದರು. ಅದು ನಮ್ಮ ಬನ್ನಿ ಮರವೇ, ವಿಜಯದಶಮಿಗೆ ಎಲೆ ಹಂಚಿಕೊಳ್ಳುತ್ತೇವಲ್ಲ, ಅದೇ. ಜೋಧಪುರದ ಹತ್ತಿರ 1730ರಲ್ಲಿ ಈ ಮರಗಳನ್ನು ಕಡಿಯಲು ಅರಸನ ಆಳುಗಳು ಬಂದಾಗ, ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರ ತಬ್ಬಿ ಪ್ರಾಣ ಕೊಟ್ಟಳು. ಅವಳೂ ಸೇರಿ ಒಟ್ಟು 363 ಜನ ಸತ್ತರು ಎಂದು ಅಲ್ಲಿ ಇವತ್ತಿಗೂ ನೆನೆಯುತ್ತಾರೆ. ಆ ಮರದ ಕೊಂಬೆ, ಎಲೆಗಳು ಹೆಚ್ಚುಕಡಿಮೆ ಗಾಳಿಯಷ್ಟೇ ಬಿಸಿಯಾಗಿರುತ್ತವೆ. ಕೆಳಗೆ ನಿಂತವರಿಗೂ ಆಕಾಶಕ್ಕೂ ನಡುವೆ ಅವು ಅಡ್ಡ ಬರುತ್ತವೆ, ಮುಯ್ಯಿ ವಾಪಸ್ ಕೊಡುತ್ತವೆ. ಬೆಳದಿಂಗಳಿಗೆ ಅಡ್ಡ ಬಂದಿದ್ದೂ ಅವೇ ಎಲೆಗಳು. ರಾಯರ ಕಣ್ಣಿಗೆ ಬಿದ್ದಿದ್ದು ಎರಡನೆಯದು ಮಾತ್ರ.

ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂದರೆ ನನಗೆ ತುಂಬ ಪ್ರೀತಿ. ಇಬ್ಬನಿ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಆತ ತೋಟದಲ್ಲಿ ರಾತ್ರಿಗಟ್ಟಲೆ ಕೂತರು. ಹುಲ್ಲಿನ ಮೇಲೆ ನಾಲ್ಕು ಕಡ್ಡಿ ನೆಟ್ಟು, ಅರ್ಧ ಅಡಿ ಎತ್ತರದಲ್ಲಿ ತೆಳ್ಳನೆಯ ಕರವಸ್ತ್ರವೊಂದನ್ನು ಬಿಗಿದು ಕಟ್ಟಿದರು. ಸುತ್ತಲೂ ಗಾಳಿಗೆ ತೆರೆದೇ ಇತ್ತು. ಆದರೂ ಬಟ್ಟೆಯ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಎಷ್ಟೋ ಡಿಗ್ರಿ ಬೆಚ್ಚಗಿತ್ತು. ತೋಟದವರು ಎಳೆ ಗಿಡಗಳ ಮೇಲೆ ತೆಳುವಾದ ಚಾಪೆ ಹಾಸುವುದನ್ನು ಕಂಡು, ಇಷ್ಟು ತೆಳ್ಳಗಿದ್ದದ್ದು ಚಳಿ ತಡೆಯುತ್ತದೆಯೇ ಎಂದು ಆತ ಮೊದಲು ಒಳಗೊಳಗೇ ನಗುತ್ತಿದ್ದರಂತೆ. ಅದು ತನ್ನ ಅರೆತಿಳಿವಿನ ಜಂಭವಾಗಿತ್ತು ಎಂದು 1814ರ ತಮ್ಮ ಬರಹದಲ್ಲಿ ಆತನೇ ಒಪ್ಪಿಕೊಂಡಿದ್ದಾರೆ. ನಮ್ಮಜ್ಜಿ ಸಸಿಮಡಿಗೆ ತೆಂಗಿನ ಗರಿ ಮುಚ್ಚುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಅಜ್ಜಿಗೆ ಅವಕೆಂಪು ಕಿರಣ ಗೊತ್ತಿರಲಿಲ್ಲ, ಗರಿ ಗೊತ್ತಿತ್ತು.

ನಮ್ಮ ದೇಶದ ಕಸುಬುದಾರರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ, ನೆಲದಲ್ಲಿ ಆಳವಿಲ್ಲದ ಗುಂಡಿ ತೆಗೆದು, ಕಬ್ಬಿನ ಸಿಪ್ಪೆ, ಜೋಳದ ದಂಟು ಹಾಸಿ, ಮೇಲೆ ಸಾಲುಸಾಲಾಗಿ ಮಣ್ಣಿನ ತಟ್ಟೆ ಇಟ್ಟು ನೀರು ತುಂಬುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ತಟ್ಟೆಗಳಿಂದ ಮಂಜುಗಡ್ಡೆ ಎತ್ತಿಕೊಳ್ಳುತ್ತಿದ್ದರು! ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು. ಕೆಳಗಿನ ದಂಟು ನೆಲದ ಬಿಸಿಯನ್ನು ತಡೆಯುತ್ತಿತ್ತು. ಮೇಲಿನ ಆಕಾಶ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷರವನು 1775ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ.

ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದು ಅರ್ಧ ಉತ್ತರ. ಆರುವುದು ಮೇಲಿನ ತೆಳ್ಳನೆಯ ಪದರ. ಕಾಳುಗಳ ನಡುವೆ ಗಾಳಿ ತುಂಬಿರುವುದರಿಂದ ಶಾಖ ಒಳಗಿಂದ ಮೇಲಕ್ಕೆ ಬೇಗ ಬರಲಾಗುವುದಿಲ್ಲ. ಆ ರಾತ್ರಿ ನಾನು ಮೊಣಕೈವರೆಗೆ ಮರಳಿನೊಳಗೆ ಕೈ ತೂರಿಸಿದೆ. ಒಂದು ಗೇಣು ಕೆಳಗೆ ಮಧ್ಯಾಹ್ನದ ಬಿಸಿಲು ಇನ್ನೂ ಬೆಚ್ಚಗೆ ಕೂತಿತ್ತು. ರಾಯರೂ ತೂರಿಸಿದರು. ಸ್ವಲ್ಪ ಹೊತ್ತು ಕೈ ತೆಗೆಯಲೇ ಇಲ್ಲ.

ಒಂಟೆಗಳು ಆಚೆ ಕಾಲು ಮಡಚಿ ಕೂತು ಮೆಲುಕು ಹಾಕುತ್ತಿದ್ದವು, ಪೂರ್ತಿ ಬಯಲಿನಲ್ಲಿ. ನಾವು ಹೆದರುತ್ತಿದ್ದ ಇದೇ ಆಕಾಶ ಅವುಗಳ ಪಾಲಿಗೆ ಆಸ್ತಿ. ಒಂಟೆಯ ಡುಬ್ಬದಲ್ಲಿ ನೀರಿದೆ ಅಂತ ಇವತ್ತಿಗೂ ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಅಲ್ಲಿರುವುದು ಕೊಬ್ಬು. ಒಂಟೆ ನೀರು ಉಳಿಸುವ ದೊಡ್ಡ ಉಪಾಯ ಇರುವುದು ಮೈಯ ಬಿಸಿಯಲ್ಲಿ. 1950ರ ದಶಕದಲ್ಲಿ ಕ್ನುಟ್ ಸ್ಮಿತ್ ನೀಲ್ಸನ್ ಎಂಬ ವಿಜ್ಞಾನಿ ಅಲ್ಜೀರಿಯಾದ ಬೆನಿ ಅಬ್ಬೆಸ್‌ಗೆ ಹೋಗಿ, ಸಹಾರಾದ ಒಂಟೆಗಳ ಮೈಬಿಸಿ ಅಳೆದರು. ನಮಗೆ ಎರಡು ಡಿಗ್ರಿ ಏರಿದರೆ ಜ್ವರ ಅಂತ ಮಲಗುತ್ತೇವೆ. ಬಾಯಾರಿದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿ ಆಸುಪಾಸು ಇರುತ್ತದೆ, ಸಂಜೆಗೆ 40 ದಾಟುತ್ತದೆ. ಅದು ಕಾಯಿಲೆಯಲ್ಲ, ಲೆಕ್ಕಾಚಾರ.

ನಾವು ಬಿಸಿಲಿಗೆ ಬಂದ ಕೂಡಲೇ ಬೆವರುತ್ತೇವೆ. ಬೇಸಿಗೆಯಲ್ಲಿ ಬಾಯಾರಿದ ಒಂಟೆ ಹಾಗೆ ಮಾಡುವುದಿಲ್ಲ. ಬಂದ ಬಿಸಿಯನ್ನು ಮೈಯೊಳಗೇ ಇಟ್ಟುಕೊಳ್ಳುತ್ತದೆ. ಸಾಲದ ಅಂಗಡಿಯಲ್ಲಿ ಬರೆಸಿದ ಹಾಗೆ ಹಗಲೆಲ್ಲ ಬರೆಸುತ್ತದೆ, ರಾತ್ರಿ ಆಕಾಶಕ್ಕೂ ತಣ್ಣನೆ ಗಾಳಿಗೂ ಬಿಟ್ಟು ತೀರಿಸುತ್ತದೆ. ಒಂದು ಹನಿ ನೀರೂ ಖರ್ಚಿಲ್ಲ. 500 ಕಿಲೋ ತೂಗುವ ಒಂಟೆ ಆರು ಡಿಗ್ರಿ ಏರಿದರೆ ಸುಮಾರು 2,500 ಕಿಲೋಕ್ಯಾಲರಿ ಒಳಗೆ ಕೂಡಿಟ್ಟ ಹಾಗಾಯಿತು. ಅಷ್ಟನ್ನು ಬೆವರಿ ಕಳೆಯಬೇಕಾದರೆ ನಾಲ್ಕು ಲೀಟರಿಗೂ ಜಾಸ್ತಿ ನೀರು ಬೇಕು. ಜೊತೆಗೆ ಇನ್ನೊಂದು ಲಾಭ. ಮೈ 40ಕ್ಕೆ ಏರಿದ ಮೇಲೆ 42 ಡಿಗ್ರಿಯ ಗಾಳಿಯಿಂದ ಒಳಗೆ ನುಗ್ಗುವ ಬಿಸಿಯೂ ಕಡಿಮೆ.

ಡುಬ್ಬದ ಕೊಬ್ಬಿಗೂ ಇಲ್ಲಿ ಪಾತ್ರವಿದೆ. ಹಂದಿಗೆ ಇರುವ ಹಾಗೆ ಕೊಬ್ಬು ಮೈತುಂಬ ಹರಡಿದ್ದರೆ, ರಾತ್ರಿ ಬಿಸಿ ಹೊರಗೆ ಹೋಗಲು ಅದೇ ತಡೆಯಾಗುತ್ತಿತ್ತು. ಒಂದೇ ಕಡೆ ರಾಶಿ ಹಾಕಿದ್ದರಿಂದ ಉಳಿದ ಮೈಗೆ ದಾರಿ ಸಲೀಸು. ಮೂಗು ಕೂಡ ರಾತ್ರಿಯ ಚಳಿಯನ್ನು ಬಿಡುವುದಿಲ್ಲ. ಒಳಗೆಳೆದ ತಣ್ಣನೆ ಗಾಳಿಯಿಂದ ಮೂಗಿನ ಸುರುಳಿಗಳು ತಣ್ಣಗಾಗುತ್ತವೆ. ಉಸಿರು ಹೊರಗೆ ಹೋಗುವಾಗ ಅದರ ತೇವ ಅಲ್ಲೇ ಅಂಟಿ ಉಳಿಯುತ್ತದೆ. ಬಾಯಾರಿದ ಒಂಟೆ ಹೀಗೆ ಉಸಿರಿನ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ವಾಪಸ್ ಪಡೆಯುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಒಂಟೆಯ ಪೂರ್ವಜರು ಹುಟ್ಟಿ ಬೆಳೆದಿದ್ದು ಉತ್ತರ ಅಮೆರಿಕದಲ್ಲಿ. ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 35 ಲಕ್ಷ ವರ್ಷ ಹಳೆಯ ಒಂಟೆ ಮೂಳೆಯ ಚೂರುಗಳು ಸಿಕ್ಕಿದ್ದನ್ನು 2013ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆ ಸೀಮೆಯಲ್ಲಿ ಚಳಿಗಾಲವಿಡೀ ಸೂರ್ಯ ಹುಟ್ಟುವುದಿಲ್ಲ. ನಾನು ಒಂದು ರಾತ್ರಿಗೆ ನಡುಗಿಹೋದೆ. ಇವುಗಳ ಅಜ್ಜಂದಿರು ತಿಂಗಳುಗಟ್ಟಲೆಯ ರಾತ್ರಿ ಕಂಡವರು.

ನಮ್ಮ ಒಂಟೆಗಳು ದಿನಾ ನೀರು ಕುಡಿಯುವಂಥವು, ತಿಂಗಳೂ ಜನವರಿ. ನೀರು ಸಿಗುವ ಒಂಟೆಯ ಮೈಬಿಸಿ ಎರಡು ಡಿಗ್ರಿಯಷ್ಟು ಏರಿಳಿದರೆ ಹೆಚ್ಚು. ಆದರೂ ಬೆಳಗಿನ ಜಾವ ನಾನು ಒಂದರ ಪಕ್ಕೆಗೆ ಕೈಯಿಟ್ಟು ಕೂತೆ. ಅದು ಕತ್ತು ತಿರುಗಿಸಿ ನೋಡಿ, ಮತ್ತೆ ಮೆಲುಕಿಗೆ ಹೋಯಿತು. ಒಂಟೆಯವನು ಅಷ್ಟರಲ್ಲಿ ಯಾರೂ ಹೇಳದೆಯೇ ನಮ್ಮ ಹಾಸಿಗೆಗಳನ್ನೆಲ್ಲ ಖೇಜಡಿಯ ಕೆಳಕ್ಕೆ ಎಳೆದು ಹಾಕಿದ್ದ.

ರಾಯರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು, ಒಪ್ಪಲಿಲ್ಲ. ನಾನು ಒಂದು ಪರೀಕ್ಷೆ ಹೇಳಿದೆ. ಮನೆ ಮಾಳಿಗೆ ಮೇಲೆ ಎರಡು ತಟ್ಟೆ ಇಡಿ, ಎರಡೂ ಒಂದೇ ಥರದವು. ಒಂದಕ್ಕೆ ಮೇಲೆ ಕೊಡೆ ಹಿಡಿಸಿ, ಇನ್ನೊಂದನ್ನು ಬಯಲಿಗೆ ಬಿಡಿ. ಬೆಳಗಿನ ಜಾವ ಎರಡನ್ನೂ ಥರ್ಮಾಮೀಟರಿನಲ್ಲಿ ನೋಡಿ. ಹುಣ್ಣಿಮೆಗೆ ಬೇಡ, ಮೋಡವಿಲ್ಲದ ಅಮಾವಾಸ್ಯೆಗೆ ಮಾಡಿ.

ಅವರಾತ್ರಿ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಆರಕ್ಕೇ ಹುಬ್ಬಳ್ಳಿಯಿಂದ ಫೋನ್ ಬಂತು. "ಚಂದ್ರ ಇರಲಿಲ್ರೀ," ಅಂದರು ರಾಯರು. "ಆದ್ರೂ ಬಯಲಾಗಿನ ತಾಟ ಥಣ್ಣಗ ಐತಿ. ಈಗ ನನ್ನ ಮೊಮ್ಮಗಳು ಕೇಳಾಕತ್ತಾಳ, ಕೊಡೀ ಬದಲಿ ಗಾಜಿನ ಹಾಳಿ ಇಟ್ರ ಏನಾಗತೈತಿ ಅಂತ. ಏನ್ ಹೇಳ್ಲಿ?"

ಇಟ್ಟು ನೋಡಲಿ ಅಂದೆ.