ಐಎನ್‌ಆರ್ 2.8 ಬಂದರೆ ಗಾಬರಿ ಬೇಡ, ಮಾತ್ರೆಯನ್ನಂತೂ ಬಿಡಬೇಡಿ

ಹೃದಯದ ವಾಲ್ವ್ ಬದಲಿಸಿಕೊಂಡು ಊರಿಗೆ ಮರಳಿದವರು ಹಾಸನದ ಲ್ಯಾಬುಗಳಲ್ಲಿ ಆಗಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪಿಟಿ ಐಎನ್‌ಆರ್ ಮಾಡಿಸುತ್ತಿರುತ್ತಾರೆ. ರಿಪೋರ್ಟಿನಲ್ಲಿ 2.8 ಎಂದು ದಪ್ಪಕ್ಷರದಲ್ಲಿರುತ್ತದೆ, ಪಕ್ಕದಲ್ಲೇ ‘ನಾರ್ಮಲ್ 0.8–1.2’ ಎಂದು ಅಚ್ಚಾಗಿರುತ್ತದೆ. ರಕ್ತ ತೀರಾ ತೆಳುವಾಯಿತೆಂದು ಹೆದರಿ ತಾವೇ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ನಾರ್ಮಲ್ ಅಂಕಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳದವರಿಗೆ ಸೇರಿದ್ದು.

ಮಾತ್ರೆ ತೆಗೆದುಕೊಳ್ಳುವವರ ಗುರಿಯೇ ಬೇರೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ಸಾಮಾನ್ಯವಾಗಿ 2ರಿಂದ 3. ಲೋಹದ ಮೈಟ್ರಲ್ ವಾಲ್ವ್ ಇದ್ದರೆ 2.5ರಿಂದ 3.5. ನಿಮ್ಮ ಗುರಿ ಎಷ್ಟೆಂದು ವೈದ್ಯರಿಂದ ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ.

ರಿಪೋರ್ಟಿನಲ್ಲಿ ಮೊದಲು ಕಾಣುವುದು ಪಿಟಿ, ಅಂದರೆ ಹೆಪ್ಪುಗಟ್ಟಲು ಹಿಡಿದ ಸೆಕೆಂಡುಗಳು. ನಿಮ್ಮ ರಕ್ತದ ಪ್ಲಾಸ್ಮಾ ಹೆಪ್ಪುಗಟ್ಟಲು 26 ಸೆಕೆಂಡ್, ಆರೋಗ್ಯವಂತರ ಸರಾಸರಿ 13 ಎಂದುಕೊಳ್ಳಿ. ಅನುಪಾತ 2. ಆದರೆ ಪರೀಕ್ಷೆಗೆ ಬಳಸುವ ರಾಸಾಯನಿಕ (ರೀಏಜೆಂಟ್) ಎಲ್ಲ ಕಡೆ ಒಂದೇ ಅಲ್ಲ, ಪ್ರತಿಯೊಂದಕ್ಕೂ ಅನುಪಾತವನ್ನು ಸರಿಹೊಂದಿಸುವ ಐಎಸ್ಐ ಎಂಬ ಅಂಕಿ ಇರುತ್ತದೆ. ಅದು 1 ಆಗಿದ್ದರೆ ಐಎನ್‌ಆರ್ 2.0; 1.3 ಆಗಿದ್ದರೆ ಅದೇ ಅನುಪಾತಕ್ಕೆ ಸುಮಾರು 2.5 ಬರುತ್ತದೆ. ಹಾಗಾಗಿ ಎರಡು ಲ್ಯಾಬಿನ ಸೆಕೆಂಡುಗಳನ್ನು ಹೋಲಿಸಬಾರದು, ಐಎನ್‌ಆರ್ ಅನ್ನೇ ನೋಡಬೇಕು. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗುವುದು ಇನ್ನೂ ಒಳ್ಳೆಯದು.

ಮಾತ್ರೆ ತಪ್ಪದಿದ್ದರೂ ಅಂಕಿ ದಿಢೀರನೆ ಏರಿದ್ದರೆ ಟ್ಯೂಬಿನ ಮೇಲೂ ಅನುಮಾನ ಇಡಿ. ನೀಲಿ ಮುಚ್ಚಳದ ಟ್ಯೂಬಿನಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಇರಬೇಕು, ಅಂದರೆ 0.3 ಎಂಎಲ್‌ಗೆ 2.7 ಎಂಎಲ್. ನರ ಸಿಗಲಿಲ್ಲವೆಂದು ಅರ್ಧಕ್ಕೇ ನಿಲ್ಲಿಸಿದರೆ ಸಿಟ್ರೇಟ್ ಹೆಚ್ಚಾಗಿ, ಐಎನ್‌ಆರ್ ಸುಳ್ಳೇ ಏರುತ್ತದೆ. ಗೆರೆಯವರೆಗೆ ತುಂಬಿ, ಕುಲುಕದೆ, ಮೂರು ನಾಲ್ಕು ಸಲ ಮೆಲ್ಲಗೆ ಮೇಲೆಕೆಳಗೆ ಮಾಡಬೇಕು. ಸಕಲೇಶಪುರ, ಅರಕಲಗೂಡಿನಿಂದ ಹಾಸನಕ್ಕೆ ಸ್ಯಾಂಪಲ್ ಕಳಿಸುವವರು ಐಸಿನಲ್ಲಿಡುವ ಅಗತ್ಯವಿಲ್ಲ; ಚಳಿಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲೊಂದಾದ ಏಳನೇ ಫ್ಯಾಕ್ಟರ್ ಚುರುಕಾಗಿ ಪಿಟಿ ಕಡಿಮೆ ಬರಬಹುದು. ಕೋಣೆಯ ಉಷ್ಣತೆಯಲ್ಲಿ 24 ಗಂಟೆ ನಡೆಯುತ್ತದೆ. ಹೆಪ್ಪುಗಟ್ಟುವಿಕೆಯ ಇನ್ನೊಂದು ಪರೀಕ್ಷೆಯಾದ ಎಪಿಟಿಟಿ ಕೂಡ ಬರೆದಿದ್ದರೆ ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ.

ಇನ್ನು ಸೊಪ್ಪಿನ ಮಾತು. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಸೊಪ್ಪನ್ನೇ ಬಿಡಿ ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ: ಬಸ್ಸಾರು, ಮಸ್ಸೊಪ್ಪು ಉಣ್ಣುವ ಮನೆಯಲ್ಲಿ ಅದು ನಡೆಯುವ ಮಾತೂ ಅಲ್ಲ. ವಾರಕ್ಕೆ ಮೂರು ದಿನ ತಿನ್ನುವವರು ಮೂರೇ ದಿನ ತಿನ್ನಲಿ. ತಿಂಗಳುಗಟ್ಟಲೆ ಮುಟ್ಟದೆ, ಮಳೆಗಾಲದಲ್ಲಿ ಕೆಸುವಿನೆಲೆ, ನುಗ್ಗೆಸೊಪ್ಪು ದಿನವೂ ಶುರುವಾದರೆ ಐಎನ್‌ಆರ್ ಇಳಿಯುತ್ತದೆ. ಜ್ವರ, ಭೇದಿಯಿಂದ ಊಟ ಬಿಟ್ಟರೆ ಏರುತ್ತದೆ.

ಸೊಪ್ಪಿಗಿಂತ ದೊಡ್ಡ ಅಪಾಯ ಮೆಡಿಕಲ್ ಶಾಪಿನಿಂದ ಕೇಳಿ ತರುವ ಮಾತ್ರೆಗಳದು. ಭೇದಿಗೆ ತರುವ ಮೆಟ್ರೋನಿಡಜೋಲ್, ಶಿಲೀಂಧ್ರ ಸೋಂಕಿನ ಫ್ಲೂಕೋನಜೋಲ್ ಐಎನ್‌ಆರ್ ಅನ್ನು ಜೋರಾಗಿ ಏರಿಸುತ್ತವೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಮಂಡಿನೋವಿನ ಡೈಕ್ಲೋಫೆನಾಕ್ ಐಎನ್‌ಆರ್ ಅನ್ನು ಅಷ್ಟಾಗಿ ಬದಲಿಸದೆಯೂ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ಅಂಥದ್ದನ್ನು ರಿಪೋರ್ಟ್ ಹಿಡಿಯುವುದಿಲ್ಲ.

ಡೋಸನ್ನು ‘ಅರ್ಧ ಮಾತ್ರೆ’ ಎಂದು ನೆನಪಿಡಬೇಡಿ, ಮಿಲಿಗ್ರಾಂನಲ್ಲಿ ಬರೆದಿಡಿ. ಅಸಿಟ್ರೋಮ್ 1, 2, 3, 4 ಮಿಲಿಗ್ರಾಂನಲ್ಲಿ ಸಿಗುತ್ತದೆ, ಸ್ಟ್ರಿಪ್ ಬದಲಾದರೆ ಅರ್ಧದ ಅರ್ಥವೂ ಬದಲಾಯಿತು. ಮಾತ್ರೆ ಸಂಜೆಗೆ, ಪರೀಕ್ಷೆ ಬೆಳಿಗ್ಗೆಗೆ ಇಟ್ಟುಕೊಂಡರೆ ವೈದ್ಯರು ಹೇಳಿದ ಬದಲಾವಣೆ ಅಂದೇ ಜಾರಿಗೆ ಬರುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನ ಎರಡು ಪಾಲು ನುಂಗಬೇಡಿ. ಡೋಸ್ ಬದಲಾದ ಮಾರನೇ ದಿನವೇ ಪರೀಕ್ಷಿಸಿದರೆ ಏನೂ ತಿಳಿಯದು, ಪರಿಣಾಮ ಕಾಣಲು ಎರಡು ಮೂರು ದಿನ, ನೆಲೆಗೊಳ್ಳಲು ವಾರದಷ್ಟು ಬೇಕು. ಮುಟ್ಟು ತಪ್ಪಿದ ಹೆಣ್ಣುಮಕ್ಕಳು ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು, ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡುತ್ತದೆ.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ಐಎನ್‌ಆರ್ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ಲೋಹದ ವಾಲ್ವಿನ ಟಿಕ್ ಸದ್ದು ಮಂಕಾಗಿ ಉಸಿರು ಕಟ್ಟಿದರೆ, ಅಥವಾ ಒಂದು ಕೈ ಸೋತು ಮಾತು ತೊದಲಿದರೆ, ಲ್ಯಾಬಿಗಲ್ಲ, ನೇರ ಎಮರ್ಜೆನ್ಸಿಗೆ ನಡೆಯಿರಿ.