ಬಚ್ಚಲ ಲೋಳೆ ರಕ್ತಕ್ಕಿಳಿದಾಗ

ಬಚ್ಚಲುಮನೆಯ ನಲ್ಲಿಯ ಬುಡದಲ್ಲಿ ಗುಲಾಬಿ ಬಣ್ಣದ ಲೋಳೆ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಉಜ್ಜಿ ತೊಳೆದರೂ ವಾರದೊಳಗೆ ಮತ್ತೆ ಹಾಜರು. ಬಹಳ ಸಲ ಅದು ಸೆರೇಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಆರೋಗ್ಯವಂತರಿಗೆ ಅದರಿಂದ ತೊಂದರೆ ಇಲ್ಲವೆಂದೇ ಹೇಳಬಹುದು. ಆಪರೇಷನ್ ಆಗಿ, ಕುತ್ತಿಗೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಕ್ಕೆ ತೂರಿಸುವ ಕೊಳವೆ) ಹಾಕಿಸಿಕೊಂಡು ಮಲಗಿದವರಿಗೆ ಮಾತ್ರ ಇದು ಪ್ರಾಣಕ್ಕೇ ಕುತ್ತು.

ಹಿಂದೆ ಇದನ್ನು ನಿರುಪದ್ರವಿ ಎಂದೇ ನಂಬಿದ್ದರು. 1950ರಲ್ಲಿ ಅಮೆರಿಕದ ನೌಕಾಪಡೆ ಗಾಳಿಯಲ್ಲಿ ರೋಗಾಣು ಹೇಗೆ ಹರಡುತ್ತದೆಂದು ನೋಡಲು ಸ್ಯಾನ್ ಫ್ರಾನ್ಸಿಸ್ಕೊ ತೀರದಲ್ಲಿ ಸೆರೇಶಿಯಾವನ್ನು ಸಿಂಪಡಿಸಿತು. ಅದಾದ ಮೇಲೆ ಆ ಊರಿನ ಆಸ್ಪತ್ರೆಯೊಂದರಲ್ಲಿ 11 ಮಂದಿಗೆ ಇದರ ಸೋಂಕು ಕಂಡಿತು. ಪ್ರಾಸ್ಟೇಟ್ ಆಪರೇಷನ್ ಆಗಿದ್ದ ಎಡ್ವರ್ಡ್ ನೆವಿನ್ ತೀರಿಕೊಂಡರು. ಸಿಂಪಡಣೆಯೇ ಕಾರಣವೆಂದು ಸಾಬೀತಾಗಲಿಲ್ಲ.

ನಾನು ಮೊದಲು ಲ್ಯಾಬಿನಲ್ಲಿದ್ದ ಆಸ್ಪತ್ರೆಯಲ್ಲಿ, ಕರುಳಿನ ಆಪರೇಷನ್ ಆದ ಹೆಂಗಸೊಬ್ಬರಿಗೆ ನಾಲ್ಕನೇ ದಿನ ಜ್ವರ ಬಂತು. ಗಾಯ ಚೆನ್ನಾಗಿ ಕೂಡುತ್ತಿತ್ತು, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ದಾರಿ ತೋರಿಸಿದ್ದು ಸಿಸ್ಟರ್ ಮಾತು: “ಲೈನಿಗೆ ಫ್ಲಶ್ ಕೊಟ್ಟ ಅರ್ಧ ಗಂಟೆಗೇ ನಡುಕ ಬರ್ತಿದೆ, ಮೇಡಂ.” ಫ್ಲಶ್ ಎಂದರೆ ಲೈನ್ ಕಟ್ಟಿಕೊಳ್ಳದಂತೆ ಅದರೊಳಗೆ ಸಲೈನ್ ಹಾಯಿಸುವುದು.

ಲೈನಿನಿಂದ ಒಂದು, ತೋಳಿನಿಂದ ಒಂದು ಎಂದು ಒಂದೇ ಹೊತ್ತಿಗೆ ಎರಡು ಕಡೆ ರಕ್ತ ತೆಗೆದರು; ಬಾಟಲಿಗೆ 8ರಿಂದ 10 ಮಿ.ಲೀ. ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆದದ್ದು ಪುಣ್ಯ. ಒಂದು ಡೋಸ್ ಹೋದ ಮೇಲೆ ಕಳಿಸಿದ ರಕ್ತದಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ, ನಾವು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಬಾಟಲಿಯಲ್ಲಿ ರೋಗಾಣು ಬೆಳೆದರೆ ಮಷೀನು ಕೂಗುತ್ತದೆ; ಲೈನಿನ ಬಾಟಲಿ ತೋಳಿನದ್ದಕ್ಕಿಂತ ಮೂರು ಗಂಟೆ ಮೊದಲೇ ಕೂಗಿತು. ಎರಡು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಸೋಂಕಿನ ಮೂಲ ಲೈನೇ ಎಂದು ಬಲವಾಗಿ ಶಂಕಿಸುತ್ತೇವೆ. ಆ ರಕ್ತದ ರೋಗಾಣು 37 ಡಿಗ್ರಿಯಲ್ಲಿ ಬೆಳ್ಳಗೆ ಬೆಳೆದಿದ್ದ ಪ್ಲೇಟನ್ನು ರಾತ್ರಿ ಮೇಜಿನ ಮೇಲೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಇಟ್ಟಿಗೆ ಕೆಂಪು, ಸೆರೇಶಿಯಾದ ಗುರುತು. ಆಸ್ಪತ್ರೆಯ ತಳಿಗಳಲ್ಲಿ ಹೆಚ್ಚಿನವು ಹೀಗೆ ಬಣ್ಣ ಕಟ್ಟುವುದಿಲ್ಲ.

ಆಪರೇಷನ್ನಿಗೆ ಮುಂಚೆ ಸಾಮಾನ್ಯವಾಗಿ ಕೊಡುವ ಸೆಫಜೋಲಿನ್ ಎಂಬ ಆಂಟಿಬಯೋಟಿಕ್ ಇದಕ್ಕೆ ತಾಗುವುದೇ ಇಲ್ಲ. ಯಾವುದಕ್ಕೂ ಬಗ್ಗದ ರೋಗಾಣುಗಳಿಗೆಂದು ಐಸಿಯುಗಳಲ್ಲಿ ಕಾದಿಟ್ಟಿರುವ ಕೊಲಿಸ್ಟಿನ್ನಿಗೂ ಇದು ಹುಟ್ಟಾ ಬಗ್ಗದು. ಆದ್ದರಿಂದಲೇ ರೋಗಾಣುವಿನ ಹೆಸರು ಗೊತ್ತಾಗುವುದು ಅಷ್ಟು ಮುಖ್ಯ.

ಅದೇ ವಾರ್ಡಿನಿಂದ ಅದೇ ವಾರ ಎರಡನೇ ರೋಗಿಯ ರಕ್ತದಲ್ಲೂ ಸೆರೇಶಿಯಾ ಬೆಳೆದಾಗ ನಾನೇ ಎದ್ದು ಹೋದೆ. ಟ್ರಾಲಿಯ ಮೇಲೆ ಅರ್ಧ ಲೀಟರಿನ ಸಲೈನ್ ಬಾಟಲಿ, ಅದರ ರಬ್ಬರಿಗೆ ಚುಚ್ಚಿಟ್ಟ ಸೂಜಿ. ಬೆಳಗಿನಿಂದ ಎಲ್ಲರ ಲೈನಿಗೂ ಅದರಿಂದಲೇ ಫ್ಲಶ್! ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ (ಕಲ್ಚರ್) ಆ ಸಲೈನಿನಲ್ಲೂ ಸೆರೇಶಿಯಾವೇ. ನೀರಿನಂಶವಿದ್ದ ಕಡೆ ಬದುಕುವ ಜೀವಕ್ಕೆ ಅಷ್ಟೇ ಸಾಕು. ಸಿಸ್ಟರುಗಳನ್ನು ಬೈಯುವುದನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಹಾಸಿಗೆಗೆ ಒಬ್ಬರೇ ಇದ್ದರು, ಒಬ್ಬ ರೋಗಿಗೆ ಒಂದರಂತೆ ಬಳಸಿ ಎಸೆಯುವ 10 ಮಿ.ಲೀ. ಆಂಪ್ಯೂಲುಗಳನ್ನು ಸ್ಟೋರಿನವರು ಕೊಟ್ಟೇ ಇರಲಿಲ್ಲ.

ಬಾಟಲಿ ಅವತ್ತೇ ಹೋಯಿತು, ಆಂಪ್ಯೂಲು ಬಂತು. ಲೈನ್ ತೆಗೆದು ಸರಿಯಾದ ಔಷಧಿ ಕೊಟ್ಟ ಮೇಲೆ ಆಕೆಯ ಜ್ವರ ಎರಡು ದಿನಕ್ಕೆ ಇಳಿಯಿತು. ಜ್ವರ ಬರುವ ಹಿಂದಿನ ದಿನ ರೌಂಡ್ಸಿನಲ್ಲಿ ಅವರ ಮಗಳು ಕೇಳಿದ್ದಳಂತೆ: “ಅಮ್ಮ ಗಂಜಿ ಕುಡೀತಿದಾರಲ್ಲ ಡಾಕ್ಟ್ರೇ, ಕುತ್ತಿಗೆ ಪೈಪು ಇನ್ನೂ ಬೇಕಾ?” ಯಾರೂ ಉತ್ತರ ಕೊಟ್ಟಿರಲಿಲ್ಲ. ಈಗ ನಾನಿರುವಲ್ಲಿ ಐಸಿಯು ಚಾರ್ಟಿನ ಮೊದಲ ಸಾಲಿನಲ್ಲೇ ಆ ಪ್ರಶ್ನೆ ಅಚ್ಚಾಗಿದೆ, ದಿನಾ ಬೆಳಿಗ್ಗೆ ಡಾಕ್ಟರೇ ಉತ್ತರ ಬರೆದು ಸಹಿ ಹಾಕಬೇಕು.